ಭಕ್ತಿಯಲ್ಲಿ ರುಚಿ: ತಲೆಮಾರಿನಿಂದ ತಲೆಮಾರಿಗೆ

ರುಚಿಯೆಂಬ ಪದವು ದಿನಬಳಕೆಯಲ್ಲಿ ಬಹುಮಟ್ಟಿಗೆ ನಾಲಗೆಯ ಸೊತ್ತಾಗಿ ಉಳಿದುಬಿಟ್ಟಿದೆ. ಸಾರಿಗೆ ಹುಳಿ ಹತ್ತಿದೆಯೆ, ಪಾಯಸಕ್ಕೆ ಬೆಲ್ಲ ಸಾಕಾಗಿದೆಯೆ ಎಂಬಷ್ಟಕ್ಕೆ ಅದರ ವ್ಯಾಪ್ತಿಯನ್ನು ಜನರು ಕಿರಿದುಗೊಳಿಸಿದ್ದಾರೆ. ಆದರೆ ಸಂಸ್ಕೃತ ವೈಯಾಕರಣರು ಈ ಪದಕ್ಕೆ ಮೂಲವಾದ 'ರುಚ್' ಧಾತುವಿಗೆ ಎರಡು ಅರ್ಥಗಳನ್ನು ಹೇಳಿರುವರು. ಬೆಳಗುವುದು ಒಂದು; ಪ್ರಿಯವಾಗುವುದು ಇನ್ನೊಂದು. ಕತ್ತಲೆಯ ಕೋಣೆಯಲ್ಲಿ ಬಹುಕಾಲದಿಂದ ಇದ್ದ ವಸ್ತುವೊಂದು ದೀಪ ಹಚ್ಚಿದೊಡನೆ ಕಣ್ಣಿಗೆ ಬಿದ್ದು ಮನಸ್ಸನ್ನು ಸೆಳೆಯುವಂತೆ, ಇದ್ದುದೇ ಹೊಸದಾಗಿ ಪ್ರಿಯವಾಗುವ ಸ್ಥಿತಿಗೆ ರುಚಿಯೆಂದು ಹೆಸರು. ನವರಾತ್ರಿಯ ದೀಪಗಳ ನಡುವೆ ಈ ಅರ್ಥವನ್ನು ಸ್ಮರಿಸುವುದು ಅಸಂಗತವಾಗದು.

ಭಕ್ತಿಮಾರ್ಗದ ಆಚಾರ್ಯರು ಈ ಪದವನ್ನು ಬಹಳ ಎಚ್ಚರದಿಂದ ಬಳಸಿದ್ದಾರೆ. 16ನೆಯ ಶತಮಾನದಲ್ಲಿ ಶ್ರೀ ರೂಪಗೋಸ್ವಾಮಿಗಳು ರಚಿಸಿದ 'ಭಕ್ತಿರಸಾಮೃತಸಿಂಧು'ವಿನಲ್ಲಿ ಸಾಧಕನು ಏರಬೇಕಾದ ಮೆಟ್ಟಿಲುಗಳ ಕ್ರಮವಿದೆ. ಮೊದಲು ಶ್ರದ್ಧೆ, ಅನಂತರ ಸಾಧುಸಂಗ, ಭಜನಕ್ರಿಯೆ, ಅನರ್ಥನಿವೃತ್ತಿ, ನಿಷ್ಠೆ; ಇಷ್ಟೆಲ್ಲ ಆದ ಮೇಲೆ ಆರನೆಯದಾಗಿ ರುಚಿ. ಅದರಿಂದ ಆಸಕ್ತಿ, ಭಾವ, ಕೊನೆಗೆ ಪ್ರೇಮ. ರುಚಿಯು ಆರಂಭದಲ್ಲಿ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮುಂಬಯಿಯ ಕನ್ನಡ ಸಂಘಗಳ ವಾರ್ಷಿಕ ಸಭೆಗಳಲ್ಲಿ ವರ್ಷವರ್ಷವೂ ಒಂದು ಪ್ರಶ್ನೆ ಕೇಳಿಬರುತ್ತದೆ: ಹಿರಿಯರಿಗೆ ಪ್ರಾಣಕ್ಕಿಂತ ಪ್ರಿಯವಾದ ಭಜನೆ, ಹರಿಕಥೆ, ತಾಳಮದ್ದಳೆಗಳಲ್ಲಿ ಕಿರಿಯರಿಗೆ ರುಚಿಯೇ ಇಲ್ಲವಲ್ಲ? ಈ ಪ್ರಶ್ನೆಯಲ್ಲಿ ನೋವಿದೆ. ಅದನ್ನು ಹಗುರವಾಗಿ ಕಾಣಬಾರದು. ಆದರೆ ಆರನೆಯ ಮೆಟ್ಟಿಲಲ್ಲಿ ಇರುವುದನ್ನು ಮೊದಲನೆಯ ಮೆಟ್ಟಿಲಲ್ಲಿಯೇ ಮಕ್ಕಳಿಂದ ಅಪೇಕ್ಷಿಸಿದರೆ ದೊರೆಯುವುದು ಹೇಗೆ? ರುಚಿ ಹುಟ್ಟುವ ಬಗೆಯೇನು, ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಅದು ಯಾವ ದಾರಿಯಲ್ಲಿ ನಡೆದುಹೋಗುತ್ತದೆ ಎಂಬುದನ್ನು ಪುರಾಣಗಳ ಬೆಳಕಿನಲ್ಲಿ ಕೊಂಚ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಶ್ರೀಮದ್ಭಾಗವತದ ಪ್ರಥಮ ಸ್ಕಂಧದಲ್ಲಿ ನಾರದರು ವ್ಯಾಸರಿಗೆ ತಮ್ಮ ಹಿಂದಿನ ಜನ್ಮದ ವೃತ್ತಾಂತವನ್ನು ಹೇಳುತ್ತಾರೆ. ಆ ಜನ್ಮದಲ್ಲಿ ಅವರು ದಾಸಿಯೊಬ್ಬಳ ಮಗ. ತಾಯಿ ವೇದಜ್ಞರ ಮನೆಯಲ್ಲಿ ಚಾಕರಿ ಮಾಡುತ್ತಿದ್ದಳು. ಮಳೆಗಾಲದಲ್ಲಿ ಕೆಲವು ಮಂದಿ ಯೋಗಿಗಳು ಸಂಚಾರವನ್ನು ನಿಲ್ಲಿಸಿ ಅಲ್ಲಿ ತಂಗಿದರು. ಅವರಿಗೆ ನೀರು ತಂದುಕೊಡುವುದೇ ಮೊದಲಾದ ಸಣ್ಣಪುಟ್ಟ ಸೇವೆಗೆ ಈ ಪುಟ್ಟ ಹುಡುಗನನ್ನು ನೇಮಿಸಲಾಯಿತು. ಹುಡುಗ ಹೆಚ್ಚು ಮಾತನಾಡುವವನಲ್ಲ, ಚೇಷ್ಟೆಯವನಲ್ಲ. ಯೋಗಿಗಳ ಅಪ್ಪಣೆ ಪಡೆದು ಅವರ ಭುಕ್ತಶೇಷವನ್ನು ಉಂಡನು. ಅವರು ದಿನವೂ ಶ್ರೀಕೃಷ್ಣನ ಕಥೆಗಳನ್ನು ಹಾಡಿಕೊಳ್ಳುತ್ತಿದ್ದರು. ಹುಡುಗ ಅಲ್ಲಿಯೇ ಇದ್ದುದರಿಂದ ಅವು ಅವನ ಕಿವಿಗೂ ಬಿದ್ದವು. ಹಾಗೆ ದಿನವೂ ಕೇಳುತ್ತ ಕೇಳುತ್ತ ತನಗೆ ರುಚಿ ಹುಟ್ಟಿತೆಂದು ನಾರದರು ಹೇಳುತ್ತಾರೆ. ಮೂಲದಲ್ಲಿಯೂ ಅದೇ ಪದವಿದೆ.

ಈ ಕಥೆಯಲ್ಲಿ ಯೋಗಿಗಳು ಏನು ಮಾಡಿದರು ಎನ್ನುವುದರಷ್ಟೇ ಅವರು ಏನು ಮಾಡಲಿಲ್ಲವೆಂಬುದೂ ವಿಚಾರಾರ್ಹವಾಗಿದೆ. ಅವರು ಬಾಲಕನನ್ನು ಕರೆದು ಕುಳ್ಳಿರಿಸಿ ಪಾಠ ಹೇಳಲಿಲ್ಲ. ನಿನ್ನ ವಯಸ್ಸಿನಲ್ಲಿ ನಾವು ಹೀಗಿದ್ದೆವು ಎಂದು ಹಂಗಿಸಲಿಲ್ಲ. ತಮಗೆ ಪ್ರಿಯವಾದುದನ್ನು ತಮ್ಮ ಸಂತೋಷಕ್ಕಾಗಿ ಹಾಡಿಕೊಂಡರು; ಹುಡುಗನಿಗೆ ಹತ್ತಿರ ಇರಲು ಎಡೆಕೊಟ್ಟರು; ಒಂದು ಕೆಲಸವನ್ನೂ ಕೊಟ್ಟರು. ಉಪದೇಶವು ಬಂದುದು ಮಳೆಗಾಲ ಮುಗಿದು ಅವರು ಹೊರಟು ನಿಂತಾಗ, ರುಚಿ ಹುಟ್ಟಿದ ಬಳಿಕ. ಮುಂದೆ ಹುಡುಗನಿಗೆ ಐದು ವರ್ಷವಾಗಿದ್ದಾಗಲೇ ರಾತ್ರಿ ಹಸು ಕರೆಯಲು ಹೋದ ತಾಯಿ ಹಾವು ಕಚ್ಚಿ ತೀರಿಕೊಂಡಳು. ಅನಾಥನಾಗಿ ಉತ್ತರ ದಿಕ್ಕಿಗೆ ಹೊರಟ ಆ ಬಾಲಕನ ಕೈಯಲ್ಲಿ ಉಳಿದಿದ್ದ ಬುತ್ತಿ ಇದೊಂದೇ.

ಇದು ಹಿರಿಯರಿಂದ ಕಿರಿಯರಿಗೆ ಇಳಿದ ರುಚಿ. ಒಂದೇ ವಯಸ್ಸಿನವರ ನಡುವೆ ಅದು ಹಬ್ಬುವ ಬಗೆಗೆ ಸಪ್ತಮ ಸ್ಕಂಧದ ಪ್ರಹ್ಲಾದ ಚರಿತ್ರೆಗಿಂತ ಉತ್ತಮವಾದ ನಿದರ್ಶನ ಬೇರೊಂದಿಲ್ಲ. ಶುಕ್ರಾಚಾರ್ಯರ ಮಕ್ಕಳಾದ ಶಂಡ, ಅಮರ್ಕರು ದೈತ್ಯಬಾಲಕರಿಗೆ ರಾಜನೀತಿಯನ್ನು ಕಲಿಸುವ ಗುರುಗಳು. ಅವರು ಗೃಹಕೃತ್ಯಕ್ಕೆಂದು ಆಚೆ ಹೋದಾಗ ಹುಡುಗರು ಪ್ರಹ್ಲಾದನನ್ನು ಆಟಕ್ಕೆ ಕರೆಯುತ್ತಾರೆ. ಆತ ನಗುತ್ತ ಅವರೊಡನೆ ಮಾತಿಗೆ ತೊಡಗುತ್ತಾನೆ. ಹುಡುಗರು ಆಟಿಕೆಗಳನ್ನು ಬದಿಗಿಟ್ಟು ಅವನ ಸುತ್ತ ಕುಳಿತುಬಿಡುತ್ತಾರೆ. ಗುರುಗಳು ಇರುವಾಗ ಆಗದ ಪಾಠವು ಗುರುಗಳು ಇಲ್ಲದಾಗ ಆಯಿತೆಂಬುದನ್ನು ಶಾಲಾ ಶಿಕ್ಷಕರು ಬೇಸರಪಡದೆ ಒಪ್ಪಿಕೊಳ್ಳಬೇಕು! ಓರಗೆಯವನ ಮಾತಿಗೆ ಇರುವ ಬೆಲೆ ಹಿರಿಯರ ಮಾತಿಗೆ ಆ ವಯಸ್ಸಿನಲ್ಲಿ ಇರುವುದಿಲ್ಲ.

ಕನ್ನಡ ನಾಡಿನ ದಾಸಕೂಟವೂ ಇಂತಹ ಓರಗೆಯವರ ಕೂಟವೇ ಆಗಿತ್ತು. ಲೇವಾದೇವಿಯ ಸಿರಿವಂತ ಕುಟುಂಬದಿಂದ ಬಂದ ಪುರಂದರದಾಸರು, ಬಾಡದ ನಾಯಕರ ಮನೆತನದಿಂದ ಬಂದ ಕನಕದಾಸರು, ಇಬ್ಬರ ಹುಟ್ಟೂ ವೃತ್ತಿಯೂ ಬೇರೆಬೇರೆ. ಅವರನ್ನು ವ್ಯಾಸರಾಯರ ಸನ್ನಿಧಿಯಲ್ಲಿ ಒಂದೆಡೆ ಕೂಡಿಸಿದುದು ಹರಿನಾಮದ ಮೇಲಿನ ರುಚಿ ಮತ್ತು ಅದನ್ನು ಕನ್ನಡದಲ್ಲಿಯೇ ಹಾಡಬೇಕೆಂಬ ಹಂಬಲ. ಆ ವ್ಯಾಸರಾಯರಾದರೋ ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಬಳಿ ವಿದ್ಯೆ ಕಲಿತು, ಅವರಲ್ಲಿದ್ದ ಕನ್ನಡ ಪದಗಳ ಒಲವನ್ನು ತಾವೂ ಪಡೆದವರು. ಹೀಗೆ ರುಚಿಯ ನೂಲು ಉದ್ದಕ್ಕೂ ಅಡ್ಡಕ್ಕೂ ಹಾಯ್ದು ಬಟ್ಟೆಯಾಗುತ್ತದೆ.

ಇಷ್ಟರಲ್ಲಿ ಒಂದು ತೊಡಕು ಎದುರಾಗುತ್ತದೆ. ತಂದೆಯ ರುಚಿ ಮಗನಿಗೆ ಬಾರದೆ ಹೋಗುವುದೇ ಲೋಕದಲ್ಲಿ ಹೆಚ್ಚು. ಹಿರಣ್ಯಕಶಿಪುವಿಗೆ ಪ್ರಿಯವಾದುದು ಪ್ರಹ್ಲಾದನಿಗೆ ಹಿಡಿಸಲಿಲ್ಲ. ಪ್ರಹ್ಲಾದನಿಗೆ ಪ್ರಿಯವಾದುದು ಅವನ ಮಗ ವಿರೋಚನನಿಗೆ ಹಿಡಿಸಿದಂತೆ ಕಾಣುವುದಿಲ್ಲ. ಛಾಂದೋಗ್ಯ ಉಪನಿಷತ್ತು ಈ ವಿರೋಚನನನ್ನು ನಮ್ಮ ಮುಂದೆ ತಂದು ನಿಲ್ಲಿಸುವ ರೀತಿ ಅವನಿಗೆ ಅಷ್ಟೇನೂ ಗೌರವಕರವಾಗಿಲ್ಲ. ಆತ್ಮವಿದ್ಯೆಯನ್ನು ಅರಸಿ ಇಂದ್ರನೂ ವಿರೋಚನನೂ ಪ್ರಜಾಪತಿಯ ಬಳಿಗೆ ಹೋದರು. 32 ವರ್ಷ ಬ್ರಹ್ಮಚರ್ಯದಲ್ಲಿದ್ದರು. ನೀರಿನಲ್ಲಿ ಕಾಣುವ ಪ್ರತಿಬಿಂಬವನ್ನು ನೋಡಿ, ಈ ದೇಹವೇ ಆತ್ಮವೆಂದು ತಿಳಿದು, ವಿರೋಚನನು ಸಂತೃಪ್ತನಾಗಿ ಮನೆಗೆ ಮರಳಿದನು. ಇಂದ್ರನಿಗೆ ದಾರಿಯಲ್ಲಿಯೇ ಸಂದೇಹ ಹುಟ್ಟಿ ಹಿಂದಿರುಗಿದನು. ಅಂದರೆ ಭಕ್ತಾಗ್ರಗಣ್ಯನ ಮಗನು ಉಡಿಗೆ ತೊಡಿಗೆಗಳಲ್ಲಿಯೇ ತೃಪ್ತನಾದವನು. ಆದರೆ ವಿರೋಚನನ ಮಗನಾದ ಬಲಿಚಕ್ರವರ್ತಿ? ದೀಪಾವಳಿಯ ಪಾಡ್ಯದಂದು ತುಳುನಾಡಿನ ಮನೆಮನೆಗಳಲ್ಲಿ ದೀಪವಿಟ್ಟು, ಹೆಸರು ಹಿಡಿದು ಕೂಗಿ ಕರೆಯುವುದು ಆತನನ್ನೇ. ಅಜ್ಜನಲ್ಲಿದ್ದುದು ಮೊಮ್ಮಗನಲ್ಲಿ ಮೂಡಿತು. ವಾಮನನು ವರುಣಪಾಶದಿಂದ ಬಲಿಯನ್ನು ಬಂಧಿಸಿದಾಗ ಅಲ್ಲಿಗೆ ಪ್ರಹ್ಲಾದನು ಬರುತ್ತಾನೆ. ಕಟ್ಟುಬಿದ್ದ ಮೊಮ್ಮಗನಿಗೆ ಪೂಜೆ ಸಲ್ಲಿಸಲು ಕೈಗಳಿಲ್ಲ. ಕಣ್ಣೀರು ತುಂಬಿ ತಲೆಯನ್ನಷ್ಟೇ ಬಾಗಿಸುತ್ತಾನೆ. ಬಳಿಕ ಅಜ್ಜ, ಮೊಮ್ಮಗ ಇಬ್ಬರೂ ಒಟ್ಟಿಗೆ ಸುತಲಕ್ಕೆ ಹೋಗುತ್ತಾರೆ. ಭಗವಂತನು ಅಲ್ಲಿ ಬಾಗಿಲು ಕಾಯುತ್ತಾನೆ.

ರುಚಿಯು ಒಂದು ತಲೆಮಾರನ್ನು ದಾಟಿ ಹಾರಿತೆಂದು ಇಲ್ಲಿಗೆ ನಿಲ್ಲಿಸಿಬಿಡುವುದು ಸುಲಭ. ಹೆಚ್ಚಿನ ಪ್ರವಚನಕಾರರು ಹಾಗೆಯೇ ಮಾಡುತ್ತಾರೆ. ಆದರೆ ಅದೇ ಅಷ್ಟಮ ಸ್ಕಂಧದಲ್ಲಿ, ಮೂರು ಹೆಜ್ಜೆಯ ನೆಲವನ್ನು ಬೇಡುವುದಕ್ಕೆ ಮೊದಲು, ವಾಮನನು ಬಲಿಯ ವಂಶವನ್ನು ಹೊಗಳುತ್ತ ಆಡುವ ಮಾತೊಂದಿದೆ. ನಿನ್ನ ತಂದೆ ವಿರೋಚನನ ಬಳಿಗೆ ದೇವತೆಗಳು ಬ್ರಾಹ್ಮಣವೇಷದಿಂದ ಬಂದು ಅವನ ಆಯುಸ್ಸನ್ನೇ ಬೇಡಿದರು. ಇವರು ವೇಷಧಾರಿಗಳಾದ ಶತ್ರುಗಳೆಂದು ತಿಳಿದೂ ಅವನು ಕೊಟ್ಟನು ಎಂಬುದು ಆ ಮಾತಿನ ತಾತ್ಪರ್ಯ. ವೇಷಧಾರಿಯೊಬ್ಬನು ಬಂದು ಬೇಡಿದಾಗ, ಗುರುವು ಬೇಡವೆಂದರೂ, ತಿಳಿದೂ ತಿಳಿದೂ ಸರ್ವಸ್ವವನ್ನು ಕೊಟ್ಟ ಬಲಿಯು ಈ ಗುಣವನ್ನು ಪಡೆದುದು ಎಲ್ಲಿಂದ? ಅಜ್ಜನಿಂದ ಹರಿಭಕ್ತಿ, ಕೊಡುವ ಕೈ ಮಾತ್ರ ತಂದೆಯದು. ನಡುವಿನ ತಲೆಮಾರು ಬರಡಾಗಿರಲಿಲ್ಲ. ಹಾಡಲಿಲ್ಲ, ಕುಣಿಯಲಿಲ್ಲ, ಕೊಟ್ಟಿತು. ಪ್ರಹ್ಲಾದನ ತಾಯಿ ಕಯಾಧುವಿನ ವಿಷಯದಲ್ಲಿಯೂ ಹೀಗೆಯೇ ಆಗಿದೆ. ನಾರದರ ಆಶ್ರಮದಲ್ಲಿ ಉಪದೇಶವನ್ನು ಕೇಳಿದವಳು ಅವಳು. ಕಾಲಾಂತರದಲ್ಲಿ ಅವಳಿಗೆ ಅದು ಮರೆತುಹೋಯಿತೆಂದು ಪ್ರಹ್ಲಾದನೇ ಹೇಳುತ್ತಾನೆ. ಮರೆತವಳ ಗರ್ಭದಲ್ಲಿದ್ದವನಿಗೆ ಅದು ನೆನಪಿನಲ್ಲಿ ಉಳಿಯಿತು. ಅವಳ ಕಿವಿಯಿಲ್ಲದೆ ಮಗುವಿಗೆ ಆ ಮಾತು ತಲಪುವ ಬೇರೆ ದಾರಿ ಇರಲಿಲ್ಲ.

ಪುರಾಣದ ಮಾತು ಪುರಾಣಕ್ಕೇ ಇರಲಿ ಎನ್ನುವವರಿಗೆ ಮೊನ್ನೆಮೊನ್ನೆಯವರೆಗೆ ನಮ್ಮ ನಡುವೆ ಇದ್ದ ಒಬ್ಬ ಮಹನೀಯರ ಚರಿತ್ರೆಯನ್ನು ತೋರಿಸಬಹುದು. ಪಂಡಿತ ಭೀಮಸೇನ ಜೋಶಿಯವರು 1922ರ ಫೆಬ್ರವರಿ 4ರಂದು ಜನಿಸಿದರು. ಗದಗ ಅವರ ಬಾಲ್ಯದ ಊರು. ಅಜ್ಜ ಭೀಮಾಚಾರ್ಯರು ಸಂಗೀತಗಾರರು. ತಂದೆ ಗುರುರಾಜ ಜೋಶಿಯವರು ಶಾಲಾ ಮಾಸ್ತರರು. ಊರಲ್ಲಿ ಭಜನೆಯ ಮೇಳವೋ ಮೆರವಣಿಗೆಯ ವಾದ್ಯವೋ ಹೊರಟರೆ ಬಾಲಕ ಭೀಮಸೇನನು ಅದರ ಹಿಂದೆಯೇ ಹೊರಟುಬಿಡುವನು. ದಣಿದು ಎಲ್ಲೋ ಮಲಗಿಬಿಡುವನು. ಮನೆಯವರು ಹುಡುಕುತ್ತ ಅಲೆಯುವರು. ಬೇಸತ್ತ ತಂದೆಯವರು ಕೊನೆಗೆ ಮಗನ ಅಂಗಿಯ ಮೇಲೆ ಇವನು ಜೋಶಿ ಮಾಸ್ತರರ ಮಗನೆಂದು ಬರೆದುಬಿಟ್ಟರಂತೆ. ಕಂಡವರು ತಂದು ಬಿಟ್ಟುಹೋಗಲೆಂದು ಈ ಉಪಾಯ. ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮರಿಯ ಧ್ವನಿಮುದ್ರಿಕೆ ಕಿವಿಗೆ ಬಿದ್ದ ಮೇಲಂತೂ ಹುಡುಗ ಮನೆಯಲ್ಲಿ ನಿಲ್ಲಲಿಲ್ಲ. 1933ರಲ್ಲಿ, 11ನೆಯ ವಯಸ್ಸಿನಲ್ಲಿ, ಗುರುವನ್ನು ಅರಸಿ ಮನೆಬಿಟ್ಟು ಹೊರಟು ಗ್ವಾಲಿಯರ್ ಮೊದಲಾದೆಡೆ ಅಲೆದು ಜಲಂಧರದವರೆಗೆ ಹೋದನು. ಅಲ್ಲಿಂದ ಅವನನ್ನು ಹುಡುಕಿ ಮನೆಗೆ ಕರೆತಂದವರು ತಂದೆಯೇ. 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರೆಂದು ಪ್ರಸಿದ್ಧರಾದ ರಾಮಭಾವು ಅವರಲ್ಲಿ ಶಿಷ್ಯವೃತ್ತಿ ದೊರೆಯಿತು. ಆ ಸವಾಯಿ ಗಂಧರ್ವರು ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು!

ಭೀಮಾಚಾರ್ಯ, ಗುರುರಾಜ, ಭೀಮಸೇನ ಎಂಬ ಈ ಮೂರು ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದರೆ ಅಂಗಿಯ ಮೇಲೆ ಹೆಸರು ಬರೆದ ನಡುವಿನವರ ಪಾತ್ರ ಏನೆಂಬುದು ವಿವರಿಸದೆಯೇ ತಿಳಿಯುತ್ತದೆ. ಇನ್ನು ಓರಗೆಯ ಬಂಧುತ್ವವನ್ನು ನೋಡುವುದಾದರೆ, ಸವಾಯಿ ಗಂಧರ್ವರ ಬಳಿ ಕಲಿತವರಲ್ಲಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದ ಗಂಗೂಬಾಯಿ ಹಾನಗಲ್ಲರಿದ್ದರು, ಮುಂಬಯಿಯ ಪಾರಸಿಯವರಾದ ಫಿರೋಜ್ ದಸ್ತೂರರೂ ಇದ್ದರು. ಮತ ಬೇರೆ, ಮನೆಮಾತು ಬೇರೆ, ಹುಟ್ಟಿದ ಪರಿಸರ ಬೇರೆ. 1952ರಲ್ಲಿ ಗುರುಗಳು ತೀರಿಕೊಂಡ ಬಳಿಕ 1953ರಲ್ಲಿ ಪುಣೆಯಲ್ಲಿ ಅವರ ಸ್ಮರಣೆಗೆ ಆರಂಭವಾದ ಸಂಗೀತೋತ್ಸವದಲ್ಲಿ ಈ ಗುರುಬಂಧುಗಳು ಬಾಳಿನುದ್ದಕ್ಕೂ ಹಾಡಿದರು. 1942ರಲ್ಲಿ ಹೊರಬಂದ ಭೀಮಸೇನರ ಮೊದಲ ಧ್ವನಿಮುದ್ರಿಕೆಯಲ್ಲಿ ಕನ್ನಡ, ಹಿಂದಿ ಭಕ್ತಿಗೀತೆಗಳಿದ್ದವು. 1943ರಲ್ಲಿ ಅವರು ಮುಂಬಯಿಗೆ ಬಂದು ಆಕಾಶವಾಣಿಯಲ್ಲಿ ಹಾಡುತ್ತಿದ್ದರು. ಮುಂದೆ ಕನ್ನಡಿಗರಿಗೆ ದಾಸವಾಣಿಯನ್ನೂ ಮರಾಠಿಗರಿಗೆ ಅಭಂಗಗಳನ್ನೂ ಒಂದೇ ಕಂಠದಿಂದ ಉಣಬಡಿಸಿದರು. 2011ರ ಜನವರಿ 24ರಂದು ಅವರು ಅಗಲಿದಾಗ ಎರಡೂ ಭಾಷೆಯವರು ತಮ್ಮವರೆಂದೇ ಅತ್ತರು.

ಆ ಕಂಠವು ಮುಂಬಯಿಯ ಚಾಳುಗಳಲ್ಲಿ ಗೋಡೆ ದಾಟಿ ಕೇಳುತ್ತಿತ್ತು. ಬೈಕುಲ್ಲಾವನ್ನೇ ತೆಗೆದುಕೊಳ್ಳಬಹುದು. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿದ ಮಾರ್ಗದ ಮೇಲಿರುವ ಈ ಊರಿನ ಹಳೆಯ ನಿಲ್ದಾಣ ಜೀರ್ಣೋದ್ಧಾರಗೊಂಡು 2022ರಲ್ಲಿ ಯುನೆಸ್ಕೋ ಪ್ರಶಸ್ತಿಗೆ ಪಾತ್ರವಾಗಿದೆ. ಸುತ್ತಲೂ ರಾಣಿಬಾಗ್, 1864ರ ಯೆಹೂದಿ ಮಂದಿರ, ಗ್ಲೋರಿಯಾ ಚರ್ಚು, ಮಸೀದಿಗಳು, ಮೇಲ್ಸೇತುವೆಗಳ ನಡುವೆ ನಿಂತೇ ಇರುವ ಖಡಾ ಪಾರಸಿಯ ಪ್ರತಿಮೆ, ಗಿರಣಿಗಳಿದ್ದ ಕಾಲದ ಚಾಳುಗಳು. ಊರು ಬಿಟ್ಟು ಬಂದ ಕನ್ನಡಿಗರು ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಓದಿ, ಶನಿವಾರ ಭಜನೆಗೆ ಕೂಡುತ್ತಿದ್ದ ನಗರವಿದು. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇಲ್ಲಿನ ಮೊಗವೀರ ಬಂಧುಗಳು ಶ್ರೀಮದ್ಭಾರತ ಮಂಡಳಿಯನ್ನು ಕಟ್ಟಿಕೊಂಡು ಪುರಾಣವಾಚನವನ್ನು ನಡೆಸಿದರೆಂಬುದನ್ನು ನೆನೆದರೆ, ಹೊಟ್ಟೆಪಾಡಿಗೆ ಬಂದವರು ಗಂಟಿನೊಳಗೆ ಏನನ್ನು ಕಟ್ಟಿಕೊಂಡು ಬಂದಿದ್ದರೆಂಬುದು ತಿಳಿಯುತ್ತದೆ. ಪಕ್ಕದ ಖೋಲಿಯ ಮರಾಠಿಗರ ಅಭಂಗಕ್ಕೂ ಇವರ ದೇವರನಾಮಕ್ಕೂ ದೇವರು ಒಬ್ಬನೇ, ವಿಠ್ಠಲ. ಪುರಂದರದಾಸರ ಅಂಕಿತದಲ್ಲಿ ಅವನಿದ್ದಾನೆ. ಹಂಪೆಯಲ್ಲಿ ಅವನ ದೇಗುಲವಿದೆ. ಪಂಢರಪುರದಲ್ಲಿ ಹೊಯ್ಸಳ ಸೋಮೇಶ್ವರನ ಕಾಲದ ಶಾಸನವಿದೆ. ಜ್ಞಾನೇಶ್ವರರು ಅಭಂಗವೊಂದರಲ್ಲಿ ಅವನನ್ನು 'ಕಾನಡಾ' ಎಂದೇ ಕರೆದಿದ್ದಾರೆ. ಆ ಪದಕ್ಕೆ ಕನ್ನಡಿಗನೆಂದೂ, ಸುಲಭವಾಗಿ ಅರ್ಥವಾಗದವನೆಂದೂ ವಿದ್ವಾಂಸರು ಎರಡು ಬಗೆಯಾಗಿ ಅರ್ಥಮಾಡುತ್ತಾರೆ. ಬೈಕುಲ್ಲಾದ ನೆರೆಹೊರೆಯವರಿಗೆ ಎರಡೂ ಅರ್ಥ ಸರಿಯೆನಿಸಿದ್ದರೆ ಆಶ್ಚರ್ಯವಿಲ್ಲ.

ಇಂತಹ ಚಾಳೊಂದರ ಎರಡನೆಯ ಮಾಳಿಗೆಯ ಒಂದು ಮನೆಯ ಸಂಗತಿ ಇಲ್ಲಿ ಉಲ್ಲೇಖಾರ್ಹವಾಗಿದೆ. ಮನೆಯ ಹಿರಿಯರು ಹೋಟೆಲಿನ ಗಲ್ಲೆಯಲ್ಲಿ ಕುಳಿತು ಆಯುಸ್ಸು ಕಳೆದವರು; ಶನಿವಾರದ ಭಜನೆಗೆ ಅವರೇ ಮುಂದಾಳು. ಮಗ ರೈಲ್ವೆಯ ಪಾರ್ಸೆಲ್ ಕಚೇರಿಯಲ್ಲಿ ಪಾಳಿಯ ಮೇಲೆ ದುಡಿಯುವವನು. ಭಜನೆಯ ಹೊತ್ತಿಗೆ ಒಂದೋ ಕೆಲಸದಲ್ಲಿರುವನು, ಇಲ್ಲವೆ ಗೋಡೆಗೆ ಒರಗಿ ತೂಕಡಿಸುವನು. ಹಾರ್ಮೋನಿಯಮ್ಮಿನ ತಿದಿ ಹರಿದರೆ ರಿಪೇರಿಗೆ ಒಯ್ಯುವುದು, ಹೂವು ತರುವುದು, ಚಾಪೆ ಹಾಸಿ ಮಡಚುವುದು ಅವನ ಪಾಲು. "ಇವನಿಗೆ ಹಾಡಿನ ಗಂಧವಿಲ್ಲ," ಎಂದು ತಂದೆ ಬಂದವರೊಡನೆ ಅನ್ನುತ್ತಿದ್ದರು. ಮೊಮ್ಮಗಳು ಇಂಗ್ಲಿಷ್ ಮಾಧ್ಯಮದ ಶಾಲೆಯವಳು. ಮನೆಯಲ್ಲಿ ಕನ್ನಡ ಆಡುವಳು, ಓದಲಾರಳು. ಭಜನೆಯ ಹೊತ್ತಿಗೆ ಗೆಳತಿಯರ ಮನೆಗೆ ಓಡಿಬಿಡುವಳು.

2020ರ ಮಾರ್ಚಿಯಲ್ಲಿ ಮಹಾಮಾರಿಯ ನಿಮಿತ್ತ ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಭಜನೆ ನಿಂತಿತು. ಹಿರಿಯರು ಪ್ರತಿ ಸಂಜೆ ದೀಪದ ಮುಂದೆ ಒಬ್ಬರೇ ಕುಳಿತು, ತಮ್ಮಷ್ಟಕ್ಕೆ ತಾವು ಹಾಡಿಕೊಳ್ಳತೊಡಗಿದರು. ಒಂದೇ ಕೋಣೆಯ ಮನೆ. ಹತ್ತು ವರ್ಷದ ಹುಡುಗಿ ಹೋಗುವುದೆಲ್ಲಿಗೆ? ಮೂಲೆಯಲ್ಲಿ ಫೋನು ಹಿಡಿದು ಶಾಲೆಯ ಪಾಠ ಬರೆದುಕೊಳ್ಳುತ್ತಿದ್ದಳು. ಅಜ್ಜನ ಹಣತೆಗೆ ಎಣ್ಣೆ ಹಾಕುವ ಕೆಲಸವನ್ನು ಅಮ್ಮ ಅವಳಿಗೆ ಒಪ್ಪಿಸಿದ್ದಳು. ಹೀಗೆ ತಿಂಗಳುಗಳು ಕಳೆದವು; ಮಳೆಗಾಲವೂ ಬಂತು. ಒಂದು ಸಂಜೆ ಅಜ್ಜನಿಗೆ ಮೂರನೆಯ ಚರಣ ಮರೆತುಹೋಯಿತು. ಹಿಂದಿನ ಸಾಲನ್ನೇ ಎರಡು ಬಾರಿ, ಮೂರು ಬಾರಿ ಹಾಡಿ ತಡವರಿಸುತ್ತಿದ್ದಾಗ ಮೂಲೆಯಿಂದ ಮುಂದಿನ ಸಾಲು ಬಂತು. ಪಟ್ಟಿಯಿಂದ ತಲೆಯೆತ್ತದೆಯೇ ಅವಳು ಹೇಳಿದ್ದಳು. ಅಜ್ಜ ಏನೂ ಅನ್ನದೆ ಚರಣ ಮುಂದುವರಿಸಿದರು. ಆಗ ಶಹಬ್ಬಾಸ್ ಎಂದು ಕೂಗಿ ಹತ್ತಿರ ಕುಳ್ಳಿರಿಸಿದ್ದರೆ ಅವಳು ಮರುದಿನ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದಳೋ ಏನೋ! ಹಿರಿಯರಾದವರಿಗೆ ಈ ಮೌನವು ಅಷ್ಟು ಸುಲಭವಲ್ಲ.

ಕೆಲವು ದಿನಗಳಾದ ಮೇಲೆ ಹುಡುಗಿಯೇ ಅಜ್ಜನ ಹಳೆಯ ಭಜನೆ ಪುಸ್ತಕವನ್ನು ಕೈಗೆತ್ತಿಕೊಂಡಳು. ಬೆರಳಿನ ಎಣ್ಣೆ ಹತ್ತಿ ಅಂಚು ಕಪ್ಪಾದ, ಕೈಬರಹದ ಪುಸ್ತಕ. ಅಕ್ಷರ ಗೊತ್ತಿಲ್ಲ. "ಪಪ್ಪಾ, ನೀನು ಓದು, ನಾನು ಮರಾಠಿ ಅಕ್ಷರದಲ್ಲಿ ಬರೆದುಕೊಳ್ಳುತ್ತೇನೆ," ಎಂದಳು. ಅಜ್ಜನ ಕಣ್ಣಿಗೆ ಪೊರೆ. ಅಮ್ಮನಿಗೆ ಅಡಿಗೆಯ ಹೊತ್ತು. ಎರಡೂ ಲಿಪಿ ಬಲ್ಲವನು ಮನೆಯಲ್ಲಿ ಅವನೊಬ್ಬನೇ. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿದವನು. ಅಂತಹ ಶಾಲೆಗಳಲ್ಲಿ ಹಲವು ಇಂದು ಮುಚ್ಚಿಹೋಗಿವೆ. ಪಾಳಿ ಮುಗಿಸಿ ಬಂದು, ಊಟವಾದ ಮೇಲೆ ದಿನಕ್ಕೆ ಒಂದೋ ಎರಡೋ ಹಾಡು ಓದಿಹೇಳುವುದೆಂದಾಯಿತು.

ಇಲ್ಲಿ ಲಿಪಿಯ ಒಂದು ಸೂಕ್ಷ್ಮವನ್ನು ಹೇಳಬೇಕು. ಮರಾಠಿಗರು ಬರೆಯುವ ದೇವನಾಗರಿಯಲ್ಲಿ ಕನ್ನಡದ 'ಳ'ಕಾರಕ್ಕೆ ಅಕ್ಷರವಿದೆ. ಆದರೆ ಹ್ರಸ್ವವಾದ ಎಕಾರ, ಒಕಾರಗಳಿಗೆ ಬೇರೆ ಗುರುತಿಲ್ಲ. 'ಕೊಡು' ಎಂದು ಬರೆದರೂ 'ಕೋಡು' ಎಂದು ಬರೆದರೂ ಕಾಣುವುದು ಒಂದೇ. ದೇವರೇ, ಭಕ್ತಿಯನ್ನು ಕೊಡು ಎಂದು ಬೇಡಹೊರಟವರು ಕೋಡನ್ನು ಬೇಡಿದಂತಾಗುವ ಅಪಾಯವಿದೆ. ಆದುದರಿಂದ ಬರಹವೊಂದನ್ನೇ ನಂಬುವಂತಿಲ್ಲ. ಬಾಯಿಂದ ಕೇಳಿಯೇ ತಿಳಿಯಬೇಕು. "ಇಲ್ಲಿ ಎಳೆಯಬೇಡ, ಚಿಕ್ಕದು," ಎಂದು ತಂದೆ ಹೇಳುವನು. ಅವಳು ಅಕ್ಷರದ ಕೆಳಗೆ ಪೆನ್ಸಿಲಿನಿಂದ ತಾನೇ ಕಲ್ಪಿಸಿಕೊಂಡ ಸಣ್ಣ ಗೀಟು ಹಾಕುವಳು. ಹೀಗೆ ಸುಮಾರು ಅರ್ಧ ಪುಸ್ತಕವಾದಾಗ ಒಂದು ಪುಟದಲ್ಲಿ ನೀರು ಬಿದ್ದು ಶಾಯಿ ಕದಡಿ, ಎರಡು ಚರಣಗಳು ಪೂರ್ತಿ ಅಳಿಸಿಹೋಗಿದ್ದವು. ತಂದೆ ನಿಲ್ಲಿಸಲಿಲ್ಲ. ಓದುತ್ತಿದ್ದ ಧಾಟಿಯಲ್ಲಿಯೇ ಆ ಎರಡನ್ನೂ ಹೇಳಿ ಮುಂದಕ್ಕೆ ಹೋದನು. ಹುಡುಗಿ ಬರೆಯುವ ಅವಸರದಲ್ಲಿ ಗಮನಿಸಲಿಲ್ಲ. ಮಂಚದ ಮೇಲೆ ಮಲಗಿದ್ದ ಹಿರಿಯರು ಗಮನಿಸಿದರು. ಆ ಪುಟ ಅಳಿಸಿಹೋದುದು ಅವರಿಗೆ ಗೊತ್ತಿತ್ತು.

"ನಿನಗೆ ಎಷ್ಟು ಹಾಡು ಬರುತ್ತದೆ?" ಎಂದು ಅವರು ಸ್ವಲ್ಪ ಹೊತ್ತಿನ ಮೇಲೆ ಕೇಳಿದರು.

"ನೀವು ಹಾಡಿದ್ದು ಬರುತ್ತದೆ, ಅಪ್ಪ," ಎಂದನು ಮಗ. "ಸ್ವರ ಬರುವುದಿಲ್ಲ."

ಈಗ ಬೈಕುಲ್ಲಾದ ಚಾಳುಗಳು ಒಂದೊಂದಾಗಿ ಗೋಪುರಗಳಾಗುತ್ತಿವೆ. ಭಜನೆಗೆ ಕೂಡುತ್ತಿದ್ದ ಕುಟುಂಬಗಳಲ್ಲಿ ಕೆಲವು ಡೊಂಬಿವಲಿಗೂ ವಸಾಯಿಗೂ ಹೋಗಿ ನೆಲೆಸಿವೆ. ನವರಾತ್ರಿಯ ರಾತ್ರಿಗಳಲ್ಲಿ ಕನ್ನಡದ ಮಕ್ಕಳು ಗುಜರಾತಿ ಗೆಳೆಯರೊಡನೆ ಗರಬಾ ಕುಣಿಯಲು ಹೋಗುವರೆಂದು ಹಿರಿಯರು ಕೊರಗುವುದುಂಟು. ದೀಪವಿಟ್ಟ ಕೊಡದ ಸುತ್ತ ದೇವಿಯ ಹೆಸರಿನಲ್ಲಿ ಸುತ್ತುವುದರಲ್ಲಿ ಕೊರಗಬೇಕಾದುದೇನೂ ಕಾಣುವುದಿಲ್ಲ. ಓರಗೆಯವರ ರುಚಿಗೆ ಅದೂ ಒಂದು ಅಂಗಳ. ಕುಣಿದು ಬಂದ ಮಗು ಮನೆಗೆ 11 ಗಂಟೆಗೆ ಕಾಲಿಡುವಾಗ ಅಲ್ಲಿ ಯಾರಾದರೂ ತಮ್ಮ ಸಂತೋಷಕ್ಕೆ ತಾವು ಹಾಡಿಕೊಳ್ಳುತ್ತಿರುವರೋ, ಟೆಲಿವಿಷನ್ನಿನ ಮುಂದೆ ಕುಳಿತು ಮಗುವಿನ ಅಭಿರುಚಿಯನ್ನು ನಿಂದಿಸುತ್ತಿರುವರೋ ಎಂಬುದನ್ನು ಕೇಳಿಕೊಳ್ಳುವುದು ಮೇಲು.

ಆ ಮನೆಯಲ್ಲಿ ಶನಿವಾರದ ಭಜನೆ ಮತ್ತೆ ನಡೆಯುತ್ತಿದೆ. ಹಿರಿಯರ ಶ್ರುತಿ ಕರಿ ಒಂದು. ಹುಡುಗಿಯದು ಕರಿ ನಾಲ್ಕು. ಹೀಗಾಗಿ ಅರ್ಧ ಹಾಡುಗಳು ಅವರ ಶ್ರುತಿಯಲ್ಲಿ, ಅರ್ಧ ಅವಳ ಶ್ರುತಿಯಲ್ಲಿ. ಅವಳ ಸರದಿಯಲ್ಲಿ ಹಿರಿಯರು ಕೆಳಗಿನ ಸ್ಥಾಯಿಯಲ್ಲಿ ಮೆಲ್ಲಗೆ ಜೊತೆಗೂಡುವರು. ಮಗ ಪಾಳಿಯಿಲ್ಲದ ದಿನ ತಾಳ ಹಿಡಿಯುವನು. ನಾಗರಿಯಲ್ಲಿ ಬರೆದ ಪುಸ್ತಕದ ಪ್ರತಿಯನ್ನು ಡೊಂಬಿವಲಿಯ ಎರಡು ಮನೆಯವರು ತರಿಸಿಕೊಂಡಿದ್ದಾರೆ. ಪಕ್ಕದ ಖೋಲಿಯ ಮರಾಠಿ ಅಜ್ಜಿಯೂ ಒಂದು ಪ್ರತಿ ಇಟ್ಟುಕೊಂಡು ಬಂದು ಕುಳಿತುಕೊಳ್ಳುವರು. ಅಕ್ಷರ ಅವರಿಗೆ ನೀರು ಕುಡಿದಷ್ಟು ಸುಲಭ. ಆದರೆ 'ಕೊಡು' ಎಂಬಲ್ಲಿ ಬಂದಾಗಲೆಲ್ಲ ಎಳೆದುಬಿಡುವರು. ಹುಡುಗಿ ಹಾಡು ನಿಲ್ಲಿಸದೆಯೇ ಅವರ ಪುಸ್ತಕದ ಕಡೆಗೆ ಬಾಗಿ, ಪೆನ್ಸಿಲಿನ ಗೀಟನ್ನು ಬೆರಳಿನಿಂದ ತೋರಿಸುವಳು.